ಸೋಮ್ ದಂಡೆಯ ಯುದ್ಧಕಾಲದ ಪುಟ್ಟ ರೈಲು: ಫ್ರುವಾಸಿಗೆ ಹೊರಡುವವರಿಗೆ

ಉತ್ತರ ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ, ಬ್ರೇ-ಸುರ್-ಸೋಮ್ ಎಂಬ ಊರಿನ ಮಗ್ಗುಲಲ್ಲಿರುವ ಫ್ರುವಾಸಿಯಿಂದ ದೊಂಪಿಯೆರ್‌ವರೆಗೆ ಸುಮಾರು 7 ಕಿಲೋಮೀಟರ್ ಉದ್ದದ ಪುಟ್ಟ ರೈಲುಮಾರ್ಗವೊಂದಿದೆ. 1916ರ ಸೋಮ್ ಕದನದ ಕಂದಕಗಳಿಗೆ ಮದ್ದುಗುಂಡು, ಆಹಾರ, ನೀರು ತಲುಪಿಸಲೆಂದು ಸೇನೆ ಹಾಕಿದ ಹಳಿ ಇದು. ಮೊದಲ ಮಹಾಯುದ್ಧದಲ್ಲಿ ರಣರಂಗದ ಬೆನ್ನಿಗೆ ಬಲೆಯಂತೆ ಹರಡಿದ್ದ ಲಘು ರೈಲುಮಾರ್ಗಗಳಲ್ಲಿ, ಇಂದಿಗೂ ಹತ್ತಿ ಕುಳಿತು ಪ್ರಯಾಣಿಸಬಹುದಾದಂಥವು ತೀರಾ ಅಪರೂಪ.

ಮೊದಲ ಬಾರಿ ನಾನು ವಸಂತದ ಒಂದು ವಾರದ ನಡುದಿನ, ಏನನ್ನೂ ವಿಚಾರಿಸದೆ ಅಲ್ಲಿಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಮರಳಿದೆ. ರೈಲನ್ನು ನಡೆಸುವವರು ಸ್ವಯಂಸೇವಕರಾದುದರಿಂದ ಅದು ವರ್ಷವಿಡೀ ಓಡುವುದಿಲ್ಲ. ಬೆಚ್ಚಗಿನ ತಿಂಗಳುಗಳ ಭಾನುವಾರಗಳಲ್ಲಿ ಮತ್ತು ಜುಲೈ, ಆಗಸ್ಟ್‌ನಲ್ಲಿ ಇನ್ನೂ ಕೆಲವು ದಿನಗಳಲ್ಲಿ ಓಡುತ್ತದೆ. ಆದ್ದರಿಂದ ಆ ವರ್ಷದ ವೇಳಾಪಟ್ಟಿಯನ್ನು ನೋಡಿಕೊಂಡ ನಂತರವೇ ಪ್ಯಾರಿಸ್‌ನಿಂದ ಹೊರಡುವ ದಿನವನ್ನು ಗೊತ್ತುಮಾಡಿಕೊಳ್ಳಿ. ಹಬೆ ಎಂಜಿನ್ನೇ ಬೇಕೆನ್ನುವವರು ಅದು ಯಾವ ದಿನ ಬರುತ್ತದೆಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಪ್ಯಾರಿಸ್‌ನ ಉತ್ತರ ನಿಲ್ದಾಣದಿಂದ ಆಮ್ಯಾಂ ನಗರಕ್ಕೂ, ಅಲ್ಲಿಂದ ಅಲ್ಬೇರ್ ಊರಿಗೂ ರೈಲುಗಳಿವೆ. ತೊಡಕು ಶುರುವಾಗುವುದು ಅಲ್ಬೇರ್‌ನಿಂದ ಮುಂದಕ್ಕೆ. ಸ್ವಂತ ಕಾರಿಲ್ಲದವರಿಗೆ ಟ್ಯಾಕ್ಸಿಯೋ ಬಾಡಿಗೆ ಸೈಕಲ್ಲೋ ಗತಿ. ಎರಡನೇ ಬಾರಿ, ಜುಲೈನ ಭಾನುವಾರದಂದು, ನಮ್ಮನ್ನು ಬಿಟ್ಟುಹೋದ ಟ್ಯಾಕ್ಸಿಯವರು ಹೇಳಿದ ಹೊತ್ತಿಗೆ ಮರಳಲಿಲ್ಲ. ಆ ಹಳ್ಳಿಯಲ್ಲಿ ಭಾನುವಾರ ಸಂಜೆ ಬೇರೊಂದು ವಾಹನ ಸಿಗುವುದು ಸುಲಭವಲ್ಲ. ಹಿಂದಿರುಗುವ ವ್ಯವಸ್ಥೆಯನ್ನು ಮೊದಲೇ ಖಚಿತಪಡಿಸಿಕೊಂಡು, ಇನ್ನೊಂದು ದೂರವಾಣಿ ಸಂಖ್ಯೆಯನ್ನೂ ಜೊತೆಗಿಟ್ಟುಕೊಂಡಿರಿ. ಕುಡಿಯುವ ನೀರು, ಒಂದಿಷ್ಟು ತಿಂಡಿ ಕೈಯಲ್ಲಿರಲಿ. ಸಸ್ಯಾಹಾರಿಗಳಿಗೆ ಇದು ಇನ್ನೂ ಅಗತ್ಯ.

ರೈಲು ಹತ್ತುವ ಮುನ್ನ ನಿಲ್ದಾಣದ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಕನಿಷ್ಠ ಒಂದು ಗಂಟೆ ಮೀಸಲಿಡಿ ಎಂದು ಒತ್ತಿ ಹೇಳುತ್ತೇನೆ. ಅದನ್ನು ನೋಡದೆ ಹತ್ತಿದರೆ ಇದು ಮಕ್ಕಳ ಆಟದ ರೈಲಿನಂತೆ ಕಾಣುತ್ತದೆ. ಹಳಿಗಳ ನಡುವಿನ ಅಂತರ ಕೇವಲ 600 ಮಿಲಿಮೀಟರ್. ನಮ್ಮ ಮಾಥೇರಾನ್ ಮತ್ತು ಡಾರ್ಜಿಲಿಂಗ್ ರೈಲುಗಳದ್ದು 610, ಹೆಚ್ಚುಕಡಿಮೆ ಅಷ್ಟೇ. ಇಷ್ಟು ಕಿರಿದಾದ ಹಳಿಯೇ ಏಕೆ ಬೇಕಾಯಿತೆಂಬುದು ಅಲ್ಲಿ ತಿಳಿಯುತ್ತದೆ. ದೊಡ್ಡ ಗೇಜಿನ ರೈಲು ಶತ್ರುವಿನ ಫಿರಂಗಿಗಳ ಅಳವಿಗಿಂತ ಹಿಂದೆಯೇ ನಿಲ್ಲಬೇಕಿತ್ತು. ಅಲ್ಲಿಂದ ಕಂದಕದವರೆಗಿನ ಕೊನೆಯ ಕೆಲವು ಕಿಲೋಮೀಟರ್ ದಾರಿಯನ್ನು ಶೆಲ್‌ಗಳೂ ಮಳೆಯೂ ಸೇರಿ ಕೆಸರಿನ ಮಡುವಾಗಿಸಿದ್ದವು. ಅದರಲ್ಲಿ ಲಾರಿಗಳು ಹೂತುಹೋಗುತ್ತಿದ್ದವು, ಕುದುರೆಗಳು ಸಾಯುತ್ತಿದ್ದವು. ಫ್ರೆಂಚ್ ಫಿರಂಗಿ ದಳದ ಅಧಿಕಾರಿ ಪ್ರೊಸ್ಪೆರ್ ಪೆಶೋ, ಹೊಲಗಳಲ್ಲಿ ಬಳಕೆಯಲ್ಲಿದ್ದ, ದೆಕೋವಿಲ್ ಎಂಬ ಫ್ರೆಂಚ್ ಕಂಪನಿಯ ಹಳಿಯ ಉಪಾಯವನ್ನು ಸೇನೆಗೆ ಒಗ್ಗಿಸಿ ಇದಕ್ಕೆ ಪರಿಹಾರವನ್ನು 1880ರ ದಶಕದಲ್ಲೇ ರೂಪಿಸಿದ್ದರು. ಕಬ್ಬಿಣದ ಅಡ್ಡಪಟ್ಟಿಗಳನ್ನು ಮೊದಲೇ ಜೋಡಿಸಿದ್ದ 5 ಮೀಟರ್ ಉದ್ದದ ಹಳಿಯ ತುಂಡನ್ನು ನಾಲ್ವರು ಸೈನಿಕರು ಹೊತ್ತೊಯ್ದು ನೆಲಕ್ಕಿಟ್ಟರೆ ದಾರಿ ಮುಂದುವರಿಯುತ್ತಿತ್ತು. ಶೆಲ್ ಬಿದ್ದು ಹಳಿ ಕಿತ್ತುಹೋದರೆ ಆ ತುಂಡನ್ನಷ್ಟೇ ತೆಗೆದು ಹೊಸದನ್ನಿಡುತ್ತಿದ್ದರು.

ಜರ್ಮನ್ನರ ಹಳಿಯೂ 600 ಮಿಲಿಮೀಟರಿನದೇ ಆಗಿತ್ತು. ಎಂಟು ಗಾಲಿಗಳ ಅವರ ಪುಟ್ಟ ಎಂಜಿನ್‌ಗಳು 2,500ಕ್ಕೂ ಹೆಚ್ಚು ತಯಾರಾದವು. ರಸ್ತೆಗಳನ್ನೇ ನಂಬಿದ್ದ ಬ್ರಿಟಿಷ್ ಸೇನೆ ಸೋಮ್ ಕದನದ ಕೆಸರಿನಲ್ಲಿ ಪಾಠ ಕಲಿತು, ರೈಲ್ವೆ ಕಂಪನಿಯೊಂದರಿಂದ ಬಂದ ಎರಿಕ್ ಗೆಡ್ಡಿಸ್ ಸಾರಿಗೆಯ ಹೊಣೆ ಹೊತ್ತ ಮೇಲೆ, ಇದೇ ಅಳತೆಯ ಹಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕತೊಡಗಿತು. ಹಬೆ ಎಂಜಿನ್ನಿನ ಹೊಗೆ ಹಗಲಿನಲ್ಲಿ, ಅದರ ಒಲೆಯ ಬೆಳಕು ಇರುಳಿನಲ್ಲಿ ಶತ್ರುವಿಗೆ ಗುರಿ ತೋರಿಸುತ್ತಿದ್ದುದರಿಂದ, ಮುಂಚೂಣಿ ಹತ್ತಿರವಾದಂತೆ 20 ಮತ್ತು 40 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್‌ಗಳು ಬೋಗಿಗಳನ್ನು ಎಳೆಯುತ್ತಿದ್ದವು. ಅವೂ ಹೋಗಲಾಗದ ಕಡೆ ಟ್ರಾಮ್‌ವೇ ಎಂದು ಕರೆಯುತ್ತಿದ್ದ ಇನ್ನೂ ಹಗುರವಾದ ಹಳಿಗಳ ಮೇಲೆ ಹೇಸರಗತ್ತೆಗಳು ಇಲ್ಲವೇ ಸೈನಿಕರೇ ತಳ್ಳುಬಂಡಿಗಳನ್ನು ಸಾಗಿಸುತ್ತಿದ್ದರು. ಶೆಲ್ ಹೊತ್ತು ಹೋದ ಬಂಡಿಯೇ ಮರಳುವಾಗ ಗಾಯಾಳುಗಳನ್ನು ತರುತ್ತಿತ್ತು. ಅಲ್ಲಿನ ಒಂದು ತೆರೆದ ಬೋಗಿಯ ಮುಂದೆ ನಿಂತು, ಅದರ ಬರಿಯ ಹಲಗೆಯ ಮೇಲೆ ಮಲಗಿ ಬಂದವರನ್ನು ನೆನೆದಾಗ ಬಹಳ ಹೊತ್ತು ಕದಲಲಾಗಲಿಲ್ಲ.

ಇಷ್ಟು ತಿಳಿದ ಮೇಲೆ ಪ್ರಯಾಣದ ರುಚಿಯೇ ಬೇರೆ. ರೈಲು ಮೊದಲು ಸೋಮ್ ಕಾಲುವೆಯ ಬದಿಯಲ್ಲಿ ಮರಗಳ ನೆರಳಿನಲ್ಲಿ ಕಪ್ಪಿ ಹಳ್ಳಿಯವರೆಗೆ ಸಾಗಿ, ಒಂದು ಸುರಂಗವನ್ನು ಹಾಯ್ದು, ಇಳಿಜಾರನ್ನು ನೇರವಾಗಿ ಏರಲಾರದೆ ಅಡ್ಡಾದಿಡ್ಡಿ ಹಳಿಯಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಚಲಿಸಿ ಮೇಲಿನ ಬಯಲಿಗೆ ಬರುತ್ತದೆ. ಎಂಜಿನ್ನಿನ ಏದುಸಿರು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಸುರಂಗದೊಳಗೆ ಬೇಸಿಗೆಯಲ್ಲೂ ತಣ್ಣಗಿರುವುದರಿಂದ ಮಕ್ಕಳಿಗೆ ಸ್ವೆಟರ್ ಇರಲಿ. ಮೇಲಿನದು ಸಾಂತೆರ್ ಎಂಬ ವಿಶಾಲ ಕೃಷಿಭೂಮಿ; ಯುದ್ಧ ಮುಗಿದ ಮೇಲೆ ಈ ಹಳಿಗಳು ನೆಲಸಮವಾದ ಹಳ್ಳಿಗಳನ್ನು ಮತ್ತೆ ಕಟ್ಟಲು ಸಾಮಗ್ರಿ ಹೊತ್ತವು, ಬಳಿಕ ದೊಂಪಿಯೆರ್‌ನ ಸಕ್ಕರೆ ಕಾರ್ಖಾನೆಗೆ ದುಡಿದವು. ಆ ದುಡಿಮೆ ಸಿಕ್ಕಿದ್ದರಿಂದಲೇ ಈ ಮಾರ್ಗ ಗುಜರಿಗೆ ಹೋಗದೆ ಉಳಿಯಿತು. ಸಕ್ಕರೆಯ ಜೊತೆ ಇಂಥ ನಂಟು ಭಾರತದಲ್ಲೂ ಇತ್ತು: ಬ್ರಿಟಿಷ್ ಸೇನೆಗಾಗಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ತಯಾರಿಸಿದ್ದ ಇದೇ ಗೇಜಿನ ಎಂಜಿನ್‌ಗಳಲ್ಲಿ ಕೆಲವು ಯುದ್ಧಾನಂತರ ಭಾರತಕ್ಕೆ ಬಂದು, ಉತ್ತರ ಪ್ರದೇಶದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಎಳೆದಿವೆ.

ಕಾಲಿಗೆ ಶಕ್ತಿಯಿದ್ದವರು ರೈಲಿನ ಪ್ರಯಾಣ ಮುಗಿಸಿ ಫ್ರುವಾಸಿಯಿಂದ ಕಪ್ಪಿಗೆ ಕಾಲುವೆಯ ಬದಿಯ ಹಾದಿಯಲ್ಲಿ ನಡೆದುಹೋಗಿ; ದಾರಿ ಸಮತಟ್ಟಾಗಿದೆ.

ಇನ್ನೊಂದು ದಿನ ಕೈಯಲ್ಲಿದ್ದರೆ, ಅಲ್ಬೇರ್‌ನ ಉತ್ತರಕ್ಕಿರುವ ಆಯೆತ್ ಹಳ್ಳಿಯ ಸಮಾಧಿ ಸ್ಥಳವನ್ನು ತಪ್ಪಿಸಬೇಡಿ. ರಣರಂಗದ ಹಿಂದೆ ರಸ್ತೆ, ರೈಲುಹಳಿ, ಸರಕಿನ ಕೆಲಸಕ್ಕಾಗಿ 1917ರಿಂದ ಭಾರತದಿಂದ ಸಾವಿರಾರು ಕೂಲಿಗಳನ್ನು ಫ್ರಾನ್ಸಿಗೆ ಕರೆತಂದಿದ್ದರು. ಭಾರತ ಮತ್ತು ಚೀನಾದ ಅಂಥ ಶ್ರಮಿಕರು ಅಲ್ಲಿ ಮಣ್ಣಾಗಿದ್ದಾರೆ. ಬಸ್ಸನ್ನು ನಂಬಿ ಹೋಗುವ ಜಾಗ ಅದಲ್ಲ, ಕಾರು ಬೇಕು. ಫ್ರುವಾಸಿಗೆಂದು ಕಾರು ಬಾಡಿಗೆಗೆ ಪಡೆಯುವವರು ಅದನ್ನು ಎರಡು ದಿನಕ್ಕೆ ಪಡೆದು, ಮೊದಲ ದಿನ ರೈಲನ್ನೂ ಮರುದಿನ ಬೆಳಗ್ಗೆ ಆಯೆತ್ ಅನ್ನೂ ಇಟ್ಟುಕೊಂಡರೆ ಸಂಜೆಯೊಳಗೆ ನೆಮ್ಮದಿಯಾಗಿ ಪ್ಯಾರಿಸ್ ತಲುಪಬಹುದು.