ತಿರುವಿನ ಚೌಕಟ್ಟಿನಲ್ಲಿ ನಿರ್ಧಾರ ಯಾರದು?

ಬೆಳಗಾವಿಯ ತರಬೇತಿ ಕೇಂದ್ರವೊಂದರಲ್ಲಿ ನಾನು ಅನಿಮೇಷನ್ ವಿದ್ಯಾರ್ಥಿಗಳಿಗೆ ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ಸಾಲು ಚೌಕಟ್ಟುಗಳಲ್ಲಿ ಚಿತ್ರಿಸುವುದನ್ನು, ಕಲಿಸುತ್ತೇನೆ. ಸಾಹಸಕಥೆಯೊಂದನ್ನು ಚಿತ್ರಿಸಲು ಹೇಳಿದಾಗ ಈಗ ಅನೇಕರು, ಹುಡುಗರೂ ಸೇರಿದಂತೆ, ಹೆಣ್ಣುಮಗಳನ್ನೇ ಮುಖ್ಯ ಪಾತ್ರವಾಗಿ ಆರಿಸಿಕೊಳ್ಳುತ್ತಾರೆ ಎಂಬುದು ನನಗೆ ಸಂತೋಷದ ಸಂಗತಿ. ಆದರೆ ಅವರ ಚೌಕಟ್ಟುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ ನೋಡಿದಾಗ, ಕತ್ತಿ ಅವಳ ಕೈಯಲ್ಲಿದ್ದರೂ ಕಥೆಯನ್ನು ತಿರುಗಿಸುವ ನಿರ್ಧಾರ ಗುರುವಿನದೋ ಅಣ್ಣನದೋ ಆಗಿರುತ್ತದೆ. ಆದ್ದರಿಂದ ಪ್ರತಿಯೊಂದು ತಿರುವಿನ ಚೌಕಟ್ಟಿನ ಕೆಳಗೆ, ಅಲ್ಲಿ ನಿರ್ಧಾರ ಕೈಗೊಂಡವರ ಹೆಸರನ್ನು ಪೆನ್ಸಿಲಿನಿಂದ ಬರೆಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಇದಕ್ಕೆ 1998ರ ‘ಮುಲಾನ್’ ಚಿತ್ರದಷ್ಟು ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸೇನಾ ಶಿಬಿರದಲ್ಲಿ ಎರಡೂ ಕೈಗೆ ಭಾರ ಕಟ್ಟಿಕೊಂಡು ಎತ್ತರದ ಕಂಬ ಏರಿ ಬಾಣ ತರಬೇಕಾದಾಗ ಗಟ್ಟಿಮುಟ್ಟಾದ ಯುವಕರು ಜಾರಿ ಬೀಳುತ್ತಾರೆ. ಗಂಡುವೇಷದಲ್ಲಿ ಸೇನೆ ಸೇರಿದ ಮುಲಾನ್ ಅದೇ ಭಾರಗಳನ್ನು ಕಂಬದ ಸುತ್ತ ಬಿಗಿದು, ಅವುಗಳನ್ನೇ ಆಧಾರ ಮಾಡಿಕೊಂಡು ಮೇಲೇರುತ್ತಾಳೆ. ಮುಂದೆ ಹಿಮಕಣಿವೆಯಲ್ಲಿ ಉಳಿದಿದ್ದ ಕೊನೆಯ ಸಿಡಿಮದ್ದನ್ನು ಶತ್ರುವಿನ ಮೇಲೆ ಹಾರಿಸದೆ ಬೆಟ್ಟದ ಹಿಮಕ್ಕೆ ಗುರಿಯಿಟ್ಟು ಇಡೀ ಸೈನ್ಯವನ್ನು ಹೂಳುವವಳೂ ಅವಳೇ. ಎರಡೂ ಕಡೆ ಅವಳು ಯೋಚಿಸುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. 2016ರ ‘ಮೊವಾನಾ’ದಲ್ಲಿ ಪ್ರೇಮಕಥೆಯ ಗೊಡವೆಯೇ ಇಲ್ಲ, ಎದುರಿಗಿರುವ ಬೆಂಕಿಯ ರಾಕ್ಷಸಿ ನಿಜವಾಗಿ ಯಾರೆಂದು ನಾಯಕಿ ಗುರುತಿಸುವುದರಿಂದ ಕೊನೆಯ ಕಾಳಗ ಮುಗಿಯುತ್ತದೆ.

ತಾಯಿಯ ಪಾತ್ರದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ವಿದ್ಯಾರ್ಥಿಗಳ ಚೌಕಟ್ಟುಗಳಲ್ಲಿ ಅವಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತರೆ ಅವಳ ಕೆಲಸ ಮುಗಿಯಿತು. 2012ರ ‘ಬ್ರೇವ್’ನಲ್ಲಿ ಕರಡಿಯಾಗಿ ಮಾರ್ಪಟ್ಟ ರಾಣಿ, ತುಂಬಿದ ಸಭೆಯ ಹಿಂದೆ ನಿಂತು, ಮಕ್ಕಳು ತಮ್ಮ ಸಂಗಾತಿಯನ್ನು ತಾವೇ ಆರಿಸಿಕೊಳ್ಳಲಿ ಎಂದು ಮಗಳಿಗೆ ಸನ್ನೆಯಿಂದ ತಿಳಿಸುತ್ತಾಳೆ, ಮಗಳು ಅದನ್ನು ಸಭೆಗೆ ಹೇಳುತ್ತಾಳೆ.

ಕಿತ್ತೂರು ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ರಾಣಿ ಚೆನ್ನಮ್ಮನ ಕಥೆಯನ್ನು ಯಾರಾದರೊಬ್ಬರು ಆರಿಸಿಯೇ ಆರಿಸುತ್ತಾರೆ. ಕುದುರೆ, ಖಡ್ಗ, 1824ರ ಅಕ್ಟೋಬರ್ 23ರ ಕದನ, ಕಂಪನಿಯ ಅಧಿಕಾರಿ ಥ್ಯಾಕರೆಯ ಸಾವು ಇವೆಲ್ಲ ಚೆನ್ನಾಗಿ ಮೂಡಿ ಬರುತ್ತವೆ. ಆದರೆ ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರಕಾರ ಒಪ್ಪದಿದ್ದಾಗ ಮಣಿಯಬಾರದೆಂದು ಅವಳು ತೀರ್ಮಾನಿಸಿದ ಗಳಿಗೆಯಾಗಲಿ, ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್ಸನ್‌ರನ್ನು ಬಿಡುಗಡೆ ಮಾಡಿದ ಗಳಿಗೆಯಾಗಲಿ ಒಂದು ಚೌಕಟ್ಟನ್ನೂ ಪಡೆಯುವುದಿಲ್ಲ. “ಮೇಡಮ್, ಅದರಾಗ ಫೈಟೇ ಇಲ್ಲಲ್ರೀ” ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಅಧಿಕಾರಿಗಳನ್ನು ಸೆರೆಯಲ್ಲಿಟ್ಟರೆ ಆಗುವುದೇನು, ಬಿಟ್ಟರೆ ಆಗುವುದೇನು ಎಂದು ತೂಗುತ್ತಿರುವ ಅರಸಿಯ ಮುಖವನ್ನು ಬರೆಯುವುದು ಕುದುರೆಯ ಓಟ ಬರೆಯುವುದಕ್ಕಿಂತ ಕಷ್ಟ ಎಂದು ನಾನು ಅವನಿಗೆ ಹೇಳಿದೆ. ಆ ದೃಶ್ಯಕ್ಕೆ ಎಷ್ಟು ಚೌಕಟ್ಟು ಬೇಕು, ಮುಖ ಎಷ್ಟು ಹತ್ತಿರದಿಂದ ಕಾಣಬೇಕು ಎಂಬ ಚರ್ಚೆಗೆ ಇಡೀ ತರಗತಿ ಹೋದರೂ ನಾನು ತಡೆಯುವುದಿಲ್ಲ.