ಮುಖಕ್ಕೆ ಮಾಸ್ಕ್ ಹಾಕಿ ರೇಡಿಯೇಷನ್ ಕೊಡುವ ಮುಂಚೆ

ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ಗೆ ಕರೆಂಟ್, ಅಂದರೆ ರೇಡಿಯೇಷನ್ (ಕಿರಣ ಚಿಕಿತ್ಸೆ) ಕೊಡಬೇಕು ಅಂದ ಕೂಡಲೇ ಎಷ್ಟೋ ಜನ ಶಾಕ್ ಹೊಡೆಯುತ್ತದೆ ಅಂತಲೇ ತಿಳಿಯುತ್ತಾರೆ. ಹೊಡೆಯುವುದಿಲ್ಲ. ಎಕ್ಸ್‌-ರೇ ತೆಗೆಸುವಾಗ ಏನೂ ಗೊತ್ತಾಗುವುದಿಲ್ಲವಲ್ಲ, ಇದೂ ಹಾಗೆಯೇ. ನಿಜವಾದ ಗಾಬರಿ ಹುಟ್ಟುವುದು ತಲೆ ಅಲುಗಾಡದಂತೆ ಮುಖಕ್ಕೆ ಹಾಕುವ ಮಾಸ್ಕ್‌ನಿಂದ. ಅದನ್ನು ಮೊದಲೇ ಬಿಡಿಸಿ ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಅದೊಂದು ತೂತು ತೂತಾದ ಪ್ಲಾಸ್ಟಿಕ್ ಹಾಳೆ. ಸುಮಾರು 70 ಡಿಗ್ರಿ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ನೀರು ಒರೆಸಿ, ಮುಖದ ಮೇಲೆ ಎಳೆದು ಮಲಗಿದ ಹಲಗೆಗೆ ಕ್ಲಿಪ್ ಹಾಕುತ್ತಾರೆ. ಮುಖಕ್ಕೆ ತಾಗುವಾಗ ಬೆಚ್ಚಗಿರುತ್ತದೆ, ಸುಡುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಆರಿ ಗಟ್ಟಿಯಾಗುತ್ತದೆ. ಆರುತ್ತಾ ಬಿಗಿಯಾಗುವ ಆ ಹೊತ್ತಿನಲ್ಲೇ ಉಸಿರು ಕಟ್ಟಿದ ಹಾಗೆ ಅನ್ನಿಸುವುದು. ತೂತುಗಳಿಂದ ಗಾಳಿ ಆಡುತ್ತಿರುತ್ತದೆ, ಆದರೆ ಬಾಯಿಬಿಟ್ಟು ಮಾತಾಡಲು ಆಗುವುದಿಲ್ಲ. ಆದ್ದರಿಂದ ಕೈ ಎತ್ತಿದರೆ ನಿಲ್ಲಿಸಬೇಕು ಎಂದು ಟೆಕ್ನಿಷಿಯನ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಚಿಕಿತ್ಸೆ ನಡೆಯುವಾಗ ಅವರು ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ. ಮೆಷಿನ್ ನಿಲ್ಲಿಸಿ ಒಳಗೆ ಬಂದು ಮಾಸ್ಕ್ ಬಿಚ್ಚುವುದು ಕ್ಷಣದ ಕೆಲಸ.

ಅಷ್ಟು ಬಿಗಿ ಯಾಕೆ ಎಂದು ರೋಗಿಗೆ ತಿಳಿಸಲೇಬೇಕು. ಬೆನ್ನುಹುರಿ, ಜೊಲ್ಲುಗ್ರಂಥಿ ಎಲ್ಲ ಪಕ್ಕದಲ್ಲೇ ಇವೆ; ತಲೆ ಕೆಲವು ಮಿಲಿಮೀಟರ್ ಸರಿದರೂ ಕಿರಣ ಬೇಡದ ಕಡೆ ಬೀಳುತ್ತದೆ.

ಮಾಸ್ಕಿಗೆ ಅಳತೆ ತೆಗೆಯುವ ದಿನಕ್ಕೆ ಮುಂಚೆ ಗಡ್ಡ ತೆಗೆಸಿ, ಕೂದಲು ಚಿಕ್ಕದು ಮಾಡಿಸಿಕೊಂಡು ಮುಂದೆಯೂ ಹಾಗೇ ಇಟ್ಟುಕೊಳ್ಳಿ. ದಪ್ಪ ತುರುಬು ಬೇಡ. ಮೂಗು ಕಟ್ಟಿದ್ದರೆ, ಕಫ ಜಾಸ್ತಿ ಇದ್ದರೆ, ಲಿಫ್ಟ್‌ನಂಥ ಮುಚ್ಚಿದ ಜಾಗ ಕಂಡರೆ ಹೆದರಿಕೆಯಿದ್ದರೆ ಅದನ್ನೂ ಹೇಳಿ. ಮಾಸ್ಕನ್ನು ಕಣ್ಣಿನ ಹತ್ತಿರ ಕತ್ತರಿಸಿ ಬಿಡಿಸಿಕೊಡಲು ಕೆಲವು ಕಡೆ ಸಾಧ್ಯವಿದೆ. ಹಳೆಯ ಮಾಸ್ಕ್ ಇದ್ದರೆ ಕೈಗೆ ಕೊಡಿ ಎಂದು ಕೇಳಿ, ಮುಟ್ಟಿ ನೋಡಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ಅಳತೆ ಕೊಟ್ಟು ಸ್ಕ್ಯಾನ್ ಆದ ದಿನವೇ ಚಿಕಿತ್ಸೆ ಶುರುವಾಗುವುದಿಲ್ಲ. ಕಿರಣ ಎಲ್ಲಿಗೆ, ಎಷ್ಟು ಎಂದು ಲೆಕ್ಕ ಹಾಕಿ ಪ್ಲಾನ್ ಮಾಡಲು ಎಷ್ಟೋ ಸಲ ಒಂದು ವಾರ, ಅದಕ್ಕಿಂತ ಹೆಚ್ಚೂ ಹಿಡಿಯುತ್ತದೆ. ನಮ್ಮ ಫೈಲ್ ಮೂಲೆಗೆ ಹಾಕಿದರು ಎಂದುಕೊಳ್ಳಬೇಡಿ.

ಚಿಕಿತ್ಸೆ ಶುರುವಾಗುವ ಮುಂಚೆ ಬಹಳಷ್ಟು ಮನೆಗಳಲ್ಲಿ ತಪ್ಪಿಹೋಗುವುದು ಹಲ್ಲಿನ ಡಾಕ್ಟರ ಭೇಟಿ. ಹುಳುಕು ಹಲ್ಲು ಕೀಳಿಸುವುದಿದ್ದರೆ ರೇಡಿಯೇಷನ್‌ಗೆ ಎರಡು ವಾರ ಮುಂಚೆಯೇ ಕೀಳಿಸಿ, ಗಾಯ ಮಾಯಬೇಕು. ಆಮೇಲೆ ಕಿತ್ತರೆ ದವಡೆಗೆ ರಕ್ತ ಓಡಾಟ ಕಡಿಮೆಯಾಗಿರುವುದರಿಂದ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯವಿದೆ.

ಚಿಕಿತ್ಸೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಆರೇಳು ವಾರ, 30ರಿಂದ 35 ಸಲ. ಒಂದೊಂದು ಸಲ ಸುಮಾರು ಕಾಲು ಗಂಟೆ. ಹೊರಗಿನ ಮೆಷಿನ್‌ನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಎರಡು ಮೂರನೇ ವಾರಕ್ಕೆ ಬಾಯಿಹುಣ್ಣು ಬರುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ, ಊಟದ ನಂತರ ಮತ್ತು ನಡುನಡುವೆ ಬಾಯಿ ಮುಕ್ಕಳಿಸಿ. ಖಾರ, ಹುಳಿ ಬಿಟ್ಟು ರಾಗಿ ಗಂಜಿ, ಮೆತ್ತನೆ ಅನ್ನ, ಮೊಟ್ಟೆ ತಿಂದು ತೂಕ ಕಾಯ್ದುಕೊಳ್ಳಿ. ಮುಖ ಸೊರಗಿದರೆ ಮಾಸ್ಕ್ ಸಡಿಲವಾಗಿ ಮತ್ತೆ ಅಳತೆ ತೆಗೆಯಬೇಕಾಗುತ್ತದೆ. ನೀರೂ ನುಂಗಲಾಗದಿದ್ದರೆ, ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ನೋವೆಂದು ನೀವೇ ನಾಲ್ಕು ದಿನ ಚಿಕಿತ್ಸೆ ಬಿಟ್ಟರೆ, ಆ ಬಿಡುವಿನಲ್ಲಿ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯತೊಡಗುತ್ತವೆ.