ಏಪ್ರಿಲ್ ಬಿಸಿಲಿನಲ್ಲಿ ಡೀಸೆಲ್ ಗಾಡಿಯ ಟ್ಯೂನಿಂಗ್

ನನ್ನ ಅಕ್ಕನ ಮಗನ ಲೆಕ್ಕದಲ್ಲಿ ಗಾಡಿ ಜೋರಾಗಬೇಕಾದರೆ ಮೊದಲು ಸೈಲೆನ್ಸರ್ ಹೋಗಬೇಕು. ಅವನದೊಂದು ಬುಲೆಟ್ ಇದೆ. ಅದು ಓಣಿಗೆ ಬಂತೆಂದರೆ ಮಲಗಿದ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ನನ್ನದು ಹತ್ತು ವರ್ಷ ದಾಟಿದ ಡೀಸೆಲ್ ಸ್ವಿಫ್ಟ್. ಬೀಜ ಮಾರುವ ಕೆಲಸಕ್ಕೆ ಸೇಡಂ, ಆಳಂದ, ಹುಮನಾಬಾದ್ ಎಂದು ವಾರವೆಲ್ಲ ಓಡುತ್ತದೆ. ಏಪ್ರಿಲ್‌ನಲ್ಲೊಂದು ಮಧ್ಯಾಹ್ನ ಕಮಲಾಪುರದ ಏರಿನಲ್ಲಿ ಲಾರಿ ದಾಟಿಸಲು ಹೋದರೆ ಗಾಡಿ ಎಳೆಯಲೇ ಇಲ್ಲ. ಆಕ್ಸಿಲರೇಟರ್ ತಳಕ್ಕೆ ತುಳಿದರೂ ಹಿಂದೆ ಕರಿ ಹೊಗೆ ಬಂತೇ ಹೊರತು ವೇಗ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಳಿಯ, "ಮಾಮಾ, ಇದಕ್ಕ ರೀಮ್ಯಾಪ್ ಮಾಡಸ್ರಿ, ಎಕ್ಸಾಸ್ಟ್ ಫ್ರೀ ಮಾಡಸ್ರಿ. ಹಾರ್ತದ ನೋಡ್ರಿ" ಅಂದ. ರೀಮ್ಯಾಪ್ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರಿನೊಳಗಿನ ಫೈಲನ್ನು ಬದಲಿಸುವುದು.

ಹೈದರಾಬಾದಿನಿಂದ ಆಗಾಗ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗನೊಬ್ಬನ ಗುರುತು ಅವನಿಗಿತ್ತು. ಆ ಹುಡುಗ ಬರುವ ಭಾನುವಾರವೇ ಗಾಡಿಯನ್ನು ರಿಂಗ್ ರೋಡಿನ ಗ್ಯಾರೇಜಿಗೆ ಒಯ್ದೆವು. ಗ್ಯಾರೇಜಿನ ಉಸ್ತಾದ್ ಹಳೇ ಕಾಲದವರು, ಕಂಪ್ಯೂಟರ್ ಅಂದರೆ ಮೂಗು ಮುರಿಯುತ್ತಾರೆ ಅಂದುಕೊಂಡಿದ್ದೆ. ಅವರು ಮೂಗೇನೂ ಮುರಿಯಲಿಲ್ಲ. "ಮಾಡ್ಸಮ್ರಿ ಸರ್. ಖರೆ ಮದ್ಲ ಗಾಡಿ ತಬಿಯತ್ ನೋಡಮು. ಜಡ್ಡ ಬಿದ್ದಾಂವಗ ತಾಲೀಮ್ ಮಾಡಸ್ತಾರೇನ್ರಿ?" ಎಂದು ಬಾನೆಟ್ ಎತ್ತಿದರು.

ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಕಾಗದದ ಮಡಿಕೆಯೊಳಗೆ ತೊಗರಿ ಹೊಟ್ಟು ಸಿಕ್ಕಿತು. ಡಿಸೆಂಬರ್-ಜನವರಿಯ ರಾಶಿ ಸಮಯದಲ್ಲಿ ಹೊಲದ ದಾರಿಗಳಲ್ಲಿ ತಿರುಗಿದ್ದರ ಗುರುತು ಅದು. ಅದರ ಮೇಲೆ ಸಿಮೆಂಟ್ ಕಾರ್ಖಾನೆ ಕಡೆಯ ಬಿಳಿ ಪುಡಿ ಬೇರೆ. ಅಳಿಯ ಕೂಡಲೇ, ಡಬ್ಬಿಯೇ ಬೇಡ, ಬಯಲಿಗೆ ಕೂಡುವ ಕೋನ್ ಫಿಲ್ಟರ್ ಹಾಕೋಣ ಅಂದ. ಉಸ್ತಾದ್ ಅವನ ಕೈ ಹಿಡಿದು ಎಂಜಿನ್ ಪಕ್ಕದ ಗಾಳಿಗೆ ಒಡ್ಡಿದರು, ಆಮೇಲೆ ಹೆಡ್‌ಲೈಟ್ ಕಡೆ ಗಾಳಿ ಒಳಬರುವ ಕೊಳವೆಯ ಬಾಯಿಗೆ ಒಡ್ಡಿದರು. ಬೇರೆ ವಿವರಣೆ ಬೇಕಾಗಲಿಲ್ಲ. ಕಂಪನಿ ಕೊಟ್ಟ ಡಬ್ಬಿ ಹೊರಗಿನ ಗಾಳಿ ಎಳೆಯುತ್ತದೆ, ಕೋನ್ ಎಂಜಿನ್ನಿನ ಬೇಗೆಯನ್ನೇ ಎಳೆಯುತ್ತದೆ. ನಮ್ಮೂರಿನ 43 ಡಿಗ್ರಿಯಲ್ಲಿ ಹೊರಗಿನ ಗಾಳಿಯೇ ತೆಳುವಾಗಿರುತ್ತದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ ಅಷ್ಟೇ ಜಾಗದಲ್ಲಿ ಸುಮಾರು 9 ಪರ್ಸೆಂಟ್ ಗಾಳಿ ಕಡಿಮೆ. ಯುರೋಪಿನ ಚಳಿಯಲ್ಲಿ ಮಾಡಿದ ಟ್ಯೂನಿಂಗ್ ವಿಡಿಯೊ ನೋಡಿ ಇಲ್ಲಿ ಸಾಮಾನು ತರಿಸುವವರಿಗೆ ಈ ಒಂದು ಲೆಕ್ಕ ಯಾರಾದರೂ ಹೇಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಫಿಲ್ಟರ್ ಬದಲಾಯಿಸಿದರೂ ಕರಿ ಹೊಗೆಗೆ ಉತ್ತರ ಸಿಕ್ಕಿರಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಗೆ ತಕ್ಕ ಗಾಳಿ ಸಿಗದಿದ್ದರೆ ಉಳಿದ ಎಣ್ಣೆ ಮಸಿಯಾಗಿ ಹೊರಬೀಳುತ್ತದೆ. ಎಣ್ಣೆ ಬರುತ್ತಿದೆ, ಹಾಗಾದರೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪಂಪು) ಒತ್ತಿದ ಗಾಳಿ ಎಲ್ಲಿ ಹೋಗುತ್ತಿದೆ? ಉಸ್ತಾದ್ ಟರ್ಬೊದ ಬಾಯಿಗೆ ರಬ್ಬರ್ ಮುಚ್ಚಳ ಬಿಗಿದು, ಅದರಲ್ಲಿ ಕೂರಿಸಿದ್ದ ಟ್ಯೂಬಿನ ವಾಲ್ವಿಗೆ ಕಂಪ್ರೆಸರ್ ಪೈಪ್ ಹಚ್ಚಿ, ಗೇಜ್ ನೋಡುತ್ತ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟರು. ಗ್ಯಾರೇಜಿನ ಹುಡುಗನೊಬ್ಬ ಸೋಪಿನ ನೀರನ್ನು ಬ್ರಷ್ಷಿನಿಂದ ಪೈಪುಗಳ ಮೇಲೆಲ್ಲ ಬಳಿದ. ಮೊದಲು ಏನೂ ಇಲ್ಲ. ಒತ್ತಡ ಸ್ವಲ್ಪ ಏರಿದಾಗ, ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಹೊರಟ ರಬ್ಬರ್ ಹೋಸಿನ ಕೆಳಮೈಯಲ್ಲಿ, ಕ್ಲಾಂಪಿನ ಅಂಚಿಗೆ, ಬಿಳಿ ನೊರೆ ಉಬ್ಬಿತು. ಗಾಳಿ ನಿಲ್ಲಿಸಿದರೆ ಅಲ್ಲಿ ಬಿರುಕೇ ಕಾಣುವುದಿಲ್ಲ. ಬೆರಳಿಂದ ಹೋಸನ್ನು ಬಗ್ಗಿಸಿದಾಗ ಉಗುರಿನಷ್ಟು ಉದ್ದದ ಸೀಳು ತೆರೆದುಕೊಂಡಿತು. ಸುತ್ತ ಎಣ್ಣೆ ಜಿಡ್ಡಿಗೆ ಅಂಟಿದ ಧೂಳು. ವರ್ಷಗಳ ಬಿಸಿಲಿಗೂ ಎಂಜಿನ್ ಕಾವಿಗೂ ರಬ್ಬರ್ ಸೋತಿತ್ತು. ಗಾಡಿ ನಿಂತಾಗ ಮುಚ್ಚಿಕೊಂಡು, ಏರಿನಲ್ಲಿ ಟರ್ಬೊ ಒತ್ತಿದಾಗ ಮಾತ್ರ ಬಿಚ್ಚಿಕೊಳ್ಳುವ ಕಳ್ಳ. ಮೊದಲು ಕಂಪ್ಯೂಟರ್ ಸ್ಕ್ಯಾನರ್ ಹಚ್ಚಿ ನೋಡಿದವರಿಗೆ ಇದು ಸಿಕ್ಕಿರಲೇ ಇಲ್ಲ.

ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಬಿಚ್ಚಿದ್ದನ್ನು ಹೆಚ್ಚು ವರ್ಣಿಸುವುದಿಲ್ಲ. ಒಳಗಿನ ಮಸಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬೇಕಾಯಿತು. ಅದನ್ನು ತೊಳೆದು, ಹೊಸ ಹೋಸ್ ಹಾಕಿ, ಒಂದು ಸುಸಲಾ-ಮಿರ್ಚಿ ಮುಗಿಸುವಷ್ಟರಲ್ಲಿ ಹೈದರಾಬಾದಿನ ಹುಡುಗ ಬಂದ.

ಅವನು ಬಂದ ಕೂಡಲೇ ಅಳಿಯ ಗಾಡಿಯ ಕೆಳಗೆ ಬಗ್ಗಿ ಸೈಲೆನ್ಸರ್ ಮಾತು ತೆಗೆದ. ಹುಡುಗ ನಕ್ಕ. ಅವನು ಹೇಳಿದ್ದು ನನಗೆ ಸರಿ ಅನ್ನಿಸಿತು: ಟರ್ಬೊ ಇರುವ ಗಾಡಿಯಲ್ಲಿ ಟರ್ಬೈನ್ (ಹೊಗೆ ತಿರುಗಿಸುವ ಟರ್ಬೊದ ಚಕ್ರ) ದಾಟಿದ ಮೇಲಿನ ದಾರಿ ಸಲೀಸಾದಷ್ಟೂ ಒಳ್ಳೆಯದು ನಿಜ, ಆದರೆ ಅಲ್ಲಿ ದೊಡ್ಡ ತಡೆ ಇರುವುದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಪೈಪಿನ ಅಳತೆ, ತಿರುವುಗಳಲ್ಲಿ. ಕೊನೆಯ ಡಬ್ಬಿ ತೆಗೆದರೆ ಸದ್ದು ಬರುತ್ತದೆ, ಎಳೆತ ಬರುವುದಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯ ಕಥೆ ಬೇರೆ. ಅಲ್ಲಿ ನಾಲ್ಕು ಸಿಲಿಂಡರಿನಿಂದ ಒಂದಾದ ಮೇಲೊಂದು ಹೊರಬೀಳುವ ಹೊಗೆಯ ಓಟವೇ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನಾಲ್ಕು ಪೈಪು ಎರಡಾಗಿ, ಎರಡು ಒಂದಾಗುವ ಹೆಡರ್‌ಗಳಿಗೆ ಅಷ್ಟು ಬೆಲೆ. ಬರೀ ದಪ್ಪ ಪೈಪ್ ಹಾಕಿಸಿದವರ ಗಾಡಿ ಕಡಿಮೆ ಆರ್‌ಪಿಎಂನಲ್ಲಿ ಇನ್ನೂ ಮಂದವಾಗುವುದು ಹೊಗೆಯ ವೇಗ ಕುಸಿಯುವುದರಿಂದ.

ಕನ್ವರ್ಟರನ್ನೇ ಕತ್ತರಿಸಿದರೆ? ಅದಕ್ಕೆ ನಾನೇ ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಜೈಲೋ ಆಗಬಹುದು, ಸದ್ದು-ಹೊಗೆಯ ಲೆಕ್ಕದಲ್ಲಿ ದಂಡ 10,000 ರೂಪಾಯಿವರೆಗೂ ಹೋಗುತ್ತದೆ. "ಬುಲೆಟ್ಟಿಗೂ ಇದೇ ಕಾಯ್ದೆನಾ ಮಾಮಾ?" ಅಂತ ಕೇಳಿದವನು ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

ಮ್ಯಾಪ್ ಬರೆಯುವ ಮುನ್ನ ಒಮ್ಮೆ ಓಡಿಸಿ ನೋಡೋಣ ಎಂದು ಹುಮನಾಬಾದ್ ರಸ್ತೆ ಹಿಡಿದೆವು. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರುವ ಸಮಯವನ್ನು ಅಳಿಯ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಬೆಳಿಗ್ಗೆ ಬರುವಾಗ ಹದಿಮೂರು ಸೆಕೆಂಡಿನ ಆಸುಪಾಸಿದ್ದದ್ದು ಈಗ ಒಂಬತ್ತೂವರೆಗೆ ಬಂದಿತ್ತು. ಕಮಲಾಪುರದ ಏರನ್ನು ಗಾಡಿ ಗೇರ್ ಇಳಿಸದೆ ಹತ್ತಿತು. ಹಿಂದೆ ಹೊಗೆ ಇಲ್ಲ. ಇಳಿದು ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ತಗೊಂಡೆವು. ಆ ಹಣ್ಣಿಗೆ ಬೇರೆ ಊರಲ್ಲಿ ಈ ರುಚಿ ಇಲ್ಲ, ಇದನ್ನು ವಾದಕ್ಕಾದರೂ ನಾನು ಬಿಟ್ಟುಕೊಡುವವನಲ್ಲ.

ಗ್ಯಾರೇಜಿಗೆ ಮರಳಿದ ಮೇಲೆ ಹುಡುಗ ಮೊದಲು ಮೂಲ ಫೈಲನ್ನು ತೆಗೆದು ಜೋಪಾನ ಮಾಡಿದ. ಈ 1248 ಸಿಸಿ ಎಂಜಿನ್ ಫಿಯಟ್‌ನ ವಿನ್ಯಾಸ. ಸ್ವಿಫ್ಟ್‌ನಲ್ಲಿ 75 ಪಿಎಸ್ ಶಕ್ತಿ, 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಎಣ್ಣೆಯ ಪ್ರಮಾಣ, ಟರ್ಬೊ ಒತ್ತಡ, ಟಾರ್ಕಿಗೆ ಕಟ್ಟಿದ ಮಿತಿ, ಹೊಗೆಯ ಮಿತಿ (ಇದ್ದ ಗಾಳಿಗೆ ತಕ್ಕಷ್ಟೇ ಎಣ್ಣೆ ಬಿಡುವ ಕಟ್ಟು), ಎಲ್ಲವೂ ಪರದೆಯ ಮೇಲೆ ಅಂಕಿಗಳ ಕೋಷ್ಟಕ. ಬೇಸಿಗೆಗೆಂದು ಹೊಗೆಯ ಮಿತಿಯನ್ನು ಮುಟ್ಟಬೇಡ, ಎಣ್ಣೆ ಹೆಚ್ಚಾದರೆ ಎಕ್ಸಾಸ್ಟ್ ಕಾವು ಏರಿ ಟರ್ಬೊಗೇ ಪೆಟ್ಟು ಎಂದು ಉಸ್ತಾದ್ ಹಿಂದಿನಿಂದ ಹೇಳುತ್ತಲೇ ಇದ್ದರು. ಹುಡುಗ ಅದನ್ನು ಪಾಲಿಸಿದ. ಅವರಿಬ್ಬರ ಮಾತು ಉರ್ದು, ಕನ್ನಡ, ತೆಲುಗಿನಲ್ಲಿ ನಡೆದಿತ್ತು.

ಹೊಸ ಫೈಲಿನಲ್ಲಿ ಗಾಡಿ ನಿಜಕ್ಕೂ ಬೇರೆಯಾಗಿತ್ತು. 40ರಿಂದ 80ಕ್ಕೆ ಎಂಟು ಸೆಕೆಂಡೂ ಬೇಕಾಗಲಿಲ್ಲ. ಅಳಿಯ ಕೇಕೆ ಹಾಕಿದ. ಐದನೇ ಗೇರಿನಲ್ಲಿ ಪೂರ್ತಿ ತುಳಿದಾಗ ಮಾತ್ರ ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿಯಿತು, ಸ್ಪೀಡ್ ಮುಳ್ಳು ಇದ್ದಲ್ಲೇ ಇತ್ತು. ಹಿಂದೆಯೇ ಸುಟ್ಟ ವಾಸನೆ. ಕ್ಲಚ್ ಜಾರುತ್ತಿತ್ತು. ಲಕ್ಷ ಕಿಲೋಮೀಟರ್ ದಾಟಿದ ಪ್ಲೇಟು 190ನ್ನು ಹೇಗೋ ಹಿಡಿದಿತ್ತು, ಅದಕ್ಕಿಂತ ಹೆಚ್ಚಿನದನ್ನು ಹಿಡಿಯಲಿಲ್ಲ.

ಹುಡುಗ ಟಾರ್ಕ್ ಇಳಿಸಿ ಕೊಡುತ್ತೇನೆ ಅಂದ. ನಾನು ಮೂಲ ಫೈಲನ್ನೇ ವಾಪಸ್ ಹಾಕಿಸಿದೆ. ಕ್ಲಚ್ಚಿನ ಖರ್ಚು ಒಂದು ಕಾರಣ. ನಾಳೆ ಅಪಘಾತವಾದರೆ ವಿಮೆಯವರು ಬದಲಿಸಿದ ಗಾಡಿ ಎಂದು ತಕರಾರು ತೆಗೆದರೆ ಎಂಬುದು ಇನ್ನೊಂದು. ಅದಕ್ಕಿಂತ ದೊಡ್ಡದು, ಕೈಬಿಟ್ಟು ಹೋಗಿದ್ದ ಎಳೆತದ ಬಹುಪಾಲು ಸೀಳಿದ ಹೋಸು ಬದಲಿಸಿದ್ದರಿಂದಲೇ ವಾಪಸ್ ಬಂದಿತ್ತು. ಅಳಿಯನಿಗೆ ಇದು ಹಿಡಿಸಲಿಲ್ಲ. "ಎಂಟು ಸೆಕೆಂಡಿನ ಗಾಡಿ ಒಂಬತ್ತೂವರೆ ಮಾಡಿದ್ರಿ" ಎಂದು ಮನೆ ಮುಟ್ಟುವವರೆಗೂ ಗೊಣಗಿದ.

ಕ್ಲಚ್ ಪ್ಲೇಟ್ ಹೇಗೂ ಮುಂಗಾರಿನ ಬೀಜದ ಓಡಾಟ ಶುರುವಾಗುವ ಮುನ್ನ ಬದಲಾಗಬೇಕು, ಉಸ್ತಾದ್ ಮೇ ಕೊನೆಯಲ್ಲಿ ಬಾ ಅಂದಿದ್ದಾರೆ. ಅಳಿಯ ಆ ತಾರೀಖನ್ನು ಹೈದರಾಬಾದಿನ ಹುಡುಗನಿಗೆ ಆಗಲೇ ತಿಳಿಸಿದ್ದಾನಂತೆ.